ಬೇಡ ಅಂದವಳ ಕಥೆ

ನನ್ನ ತಂಗಿಯನ್ನು ಕೊಲ್ಲಲು ಹೊರಟವನು ನಾವಿದ್ದ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದ. ವಾರಪತ್ರಿಕೆಯಲ್ಲಿ ಧಾರಾವಾಹಿ ಬರೆಯುತ್ತಿದ್ದ. ಪ್ರತಿ ಶನಿವಾರ ಅವಳನ್ನು ಒಂದಿಷ್ಟು ಕೊಲ್ಲುತ್ತಿದ್ದ. ಅದನ್ನು ಗಂಟಲು ಹರಿಯುವ ಹಾಗೆ, ದನಿ ಬದಲಿಸಿ ಬದಲಿಸಿ ಜನಕ್ಕೆ ಓದಿ ಹೇಳುತ್ತಿದ್ದವಳು ನಾನು. ನೆನೆಸಿಕೊಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನು ಕೆಲವೇ ವರ್ಷಗಳಿದ್ದವು. ಯಾವ ಪತ್ರಿಕೆ ಬಿಡಿಸಿದರೂ ಕಾದಂಬರಿ, ಯಾವ ಕಾದಂಬರಿ ಓದಿದರೂ ಕೊನೆಗೊಂದು ಹೆಣ್ಣಿನ ಹೆಣ. ನಾನೂ ತಂಗಿಯೂ ತೊಗಲಿನ ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿದ್ದೆವು. ಉದ್ದನೆಯ ಮೇಜು, ಎರಡೂ ಬದಿಗೆ ಹೆಂಗಸರು, ನಡುವೆ ಬೆರಳು ಬೆರಳಾಗಿ ಕತ್ತರಿಸಿದ ತೊಗಲಿನ ರಾಶಿ, ಮೂಲೆಯಲ್ಲಿ ಅಂಟಿನ ಬಕೆಟ್ಟು. ಬೆರಳ ಸಂದಿಗೆ ಯಂತ್ರ ನುಗ್ಗುವುದಿಲ್ಲ, ಕೈಯಲ್ಲೇ ಹೊಲಿಯಬೇಕು. ಹಾಗಾಗಿ ಕೋಣೆಯಲ್ಲಿ ಸದ್ದಿರುತ್ತಿರಲಿಲ್ಲ, ಓದುವ ಪದ್ಧತಿ ಇತ್ತು. ಶನಿವಾರ ಮಧ್ಯಾಹ್ನ ಒಬ್ಬಳು ಪತ್ರಿಕೆ ಓದಬೇಕು. ಅವಳ ಪಾಲಿನ ಕೈಗವಸನ್ನು ಉಳಿದವರು ಹಂಚಿಕೊಂಡು ಹೊಲಿದುಕೊಡುತ್ತಾರೆ. ಆ ಕೋಣೆಯಲ್ಲಿ ಓದು ಬರುತ್ತಿದ್ದದ್ದು ನಮ್ಮಿಬ್ಬರಿಗೇ. ತಂಗಿಗೆ ಸಂಕೋಚ, ನನಗೆ ಅದು ಹುಟ್ಟಿನಿಂದಲೇ ಇಲ್ಲ. ಕಾರ್ಖಾನೆಯ ಯಜಮಾನಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

ಹೊಸ ಕಾದಂಬರಿಯ ನಾಯಕಿ ಕೈಗವಸು ಹೊಲಿಯುವ ಹುಡುಗಿ ಅಂದಾಗ ನಮಗೆಲ್ಲ ಖುಷಿಯೋ ಖುಷಿ. ಅಲ್ಲಿಯವರೆಗೆ ಬರೀ ಜಮೀನ್ದಾರರ ಹೆಂಡಂದಿರ ಗೋಳು ಕೇಳಿ ಕೇಳಿ ಸಾಕಾಗಿತ್ತು. ಮೂರನೆಯ ಕಂತಿನಲ್ಲಿ ಆ ಹುಡುಗಿಯ ಗಲ್ಲದ ಮೇಲೊಂದು ಮಚ್ಚೆ ಬಂತು. ದಾರವನ್ನು ಕತ್ತರಿಸದೆ ಎಡಗಡೆಯ ಹಲ್ಲಿನಿಂದ ಕಡಿಯುವ ಅಭ್ಯಾಸ ಬಂತು. ಒಂದು ಮೆಟ್ಟಿಲು ಮುರಿದ ಏಣಿಮೆಟ್ಟಿಲಲ್ಲಿ ನಿಂತು, ಮಹಡಿಯ ಕವಿಯ ಕಾಲು ಹಿಡಿದು ಅವಳು ಗೋಳೋ ಎಂದು ಅತ್ತದ್ದೂ ಬಂತು. ಕವಿ ಒಂದು ರಾತ್ರಿ ಕನಿಕರ ತೋರಿಸಿ ಮರುದಿನ ಊರು ಬಿಟ್ಟನಂತೆ. ಅಷ್ಟನ್ನೂ ಓದಿ ಮುಗಿಸಿ ತಲೆಯೆತ್ತಿದರೆ, ಎಲ್ಲರ ಸೂಜಿಯೂ ನಿಂತಿತ್ತು. ಎಲ್ಲರೂ ನನ್ನ ತಂಗಿಯ ಗಲ್ಲವನ್ನೇ ನೋಡುತ್ತಿದ್ದರು. ಪಾಪ, ಅವಳ ಹಲ್ಲಿನ ನಡುವೆ ಆಗಲೂ ದಾರವಿತ್ತು.

ನಡೆದದ್ದೇನು ಅಂತ ನನಗೆ ಗೊತ್ತು. ಮೆಟ್ಟಿಲಲ್ಲಿ ಅಡ್ಡ ನಿಂತು ಮದುವೆಯಾಗುತ್ತೀಯಾ ಅಂತ ಕೇಳಿದವನು ಅವನು. ಬೇಡ ಅಂದವಳು ಇವಳು. ಅಂದು, ನೀರಿನ ಕೊಡ ಎತ್ತಿಕೊಂಡು ಒಳಗೆ ಬಂದು, "ಅಕ್ಕಾ, ಆ ಮಹಡಿಯವನಿಗೆ ತಲೆ ಕೆಟ್ಟಿದೆ" ಅಂತ ನಕ್ಕಿದ್ದಳು. ಆ ನಗುವೇ ಅವನಿಗೆ ಚುಚ್ಚಿರಬೇಕು, ಅವನ ಮನೆ ಹಾಳಾಗ.

ಯಜಮಾನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಸೋಮವಾರ ಮೇಜಿನ ತುದಿಗೆ ಬಂದು ನಿಂತಳು.

"ಇದು ಮರ್ಯಾದಸ್ಥರ ಕಾರ್ಖಾನೆ," ಅಂದಳು. "ಕಥೆ ಮುಗೀಲಿ. ಆ ಹುಡುಗಿ ಎಂಥವಳು ಅಂತ ಗೊತ್ತಾಗಲಿ. ಆಮೇಲೆ ಇವಳನ್ನ ಇಟ್ಕೋಬೇಕೋ ಬೇಡ್ವೋ ನೋಡೋಣ."

"ಅಮ್ಮಾ, ಅದು ಕಥೆ!" ಅಂದೆ.

"ಅಚ್ಚಾಗಿದೆಯಲ್ಲ?" ಅಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಇದು ನಗುವ ಮಾತಾಗಿರಲಿಲ್ಲ. ಅಲ್ಲಿಂದ ಹೊರಹಾಕಿಸಿಕೊಂಡ ಹುಡುಗಿಗೆ ಊರಲ್ಲಿ ಇನ್ಯಾರೂ ಸೂಜಿ ಕೊಡುತ್ತಿರಲಿಲ್ಲ. ನನ್ನ ತಂಗಿಗೆ ಹೊಲಿಗೆ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದ್ದು ನಾನು, ಸೂಜಿ ಹಿಡಿಸಿದ್ದೂ ನಾನು.

ಅವತ್ತಿನಿಂದ ಮೇಜಿನಲ್ಲಿ ಅವಳ ಪಕ್ಕದವರು ಒಂದಿಷ್ಟು ಆಚೆ ಸರಿದು ಕೂತರು. ಅವಳು ಕೆಮ್ಮಿದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ತಮಾಷೆ ಅಂದರೆ, ಕಥೆಯ ಹುಡುಗಿಯ ಮೇಲೆ ಇವರಿಗೆಲ್ಲ ಪ್ರಾಣ. ಅಳುಬುರುಕಿ ಅಂತ ನಾವೇ ಹೆಸರಿಟ್ಟ ಒಬ್ಬ ಮುದುಕಿ ಇದ್ದಳು. ಆ ಹುಡುಗಿಗೆ ಒಂದು ಹೊತ್ತು ಊಟ ತಪ್ಪಿತು ಅಂತ ಓದಿದರೂ ಸೆರಗು ಒದ್ದೆ ಮಾಡಿಕೊಳ್ಳುತ್ತಿದ್ದಳು. ಅದೇ ಮುದುಕಿ ನನ್ನ ತಂಗಿ ಕತ್ತರಿ ಕೇಳಿದರೆ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟು ತಳ್ಳುತ್ತಿದ್ದಳು.

"ನೀನು ತಲೆಗೆ ಹಚ್ಕೋಬೇಡ," ಅಂದೆ ತಂಗಿಗೆ. "ನಾನು ನೋಡ್ಕೋತೀನಿ."

"ನೀನೇನೂ ನೋಡ್ಕೋಬೇಡಕ್ಕಾ," ಅಂದಳು. ನಾನು ಕೇಳಬೇಕಲ್ಲ!

ಕೊನೆಯ ಕಂತಿನ ವಾರ ಮಹಡಿ ಹತ್ತಿದೆ. ಅವನು ಮೇಜಿನ ಮುಂದೆ ಕೂತು ಉಗುರಿನ ಮಸಿ ಒರೆಸಿಕೊಳ್ಳುತ್ತಿದ್ದ. ಬಾ ಅನ್ನಲಿಲ್ಲ, ನಾನೂ ಕಾಯಲಿಲ್ಲ.

"ಕೊನೇಲಿ ಏನ್ ಮಾಡ್ತೀರಾ ಅವಳನ್ನ?"

"ನದಿ," ಅಂದ.

"ಯಾಕೆ, ಈಜು ಕಲಿಸೋಕಾ?"

ಅವನಿಗೆ ನಗು ಬರಲಿಲ್ಲ. "ಬೇರೆ ದಾರಿ ಇಲ್ಲಮ್ಮ. ಈ ಕಾಲದ ದೊಡ್ಡ ದೊಡ್ಡ ಕಾದಂಬರಿಗಳನ್ನ ನೋಡು. ಒಬ್ಬಳು ವಿಷ ಕುಡೀತಾಳೆ, ಒಬ್ಬಳು ರೈಲಿಗೆ ಬೀಳ್ತಾಳೆ, ಒಬ್ಬಳನ್ನ ಗಲ್ಲಿಗೇರಿಸ್ತಾರೆ. ಅವಳು ಸತ್ತರೇನೇ ಓದೋರ ಮನಸ್ಸು ಕರಗೋದು."

"ಹೆಣ್ಣು ಸಾಯದೆ ನಿಮ್ಮ ಪುಸ್ತಕ ಮುಗಿಯೋದೇ ಇಲ್ವಾ? ನನ್ನ ತಂಗಿ ನಿಮ್ಮ ಕಾಲು ಹಿಡಿದಿದ್ದು ಯಾವತ್ತು, ಹೇಳಿ ನೋಡೋಣ?"

"ಅದು ಕಲ್ಪನೆ."

"ಹಾಗಾದ್ರೆ ಮಚ್ಚೇನೂ ಕಲ್ಪಿಸ್ಕೋಬೇಕಿತ್ತು! ಓದೋರ ಮನಸ್ಸು ಕರಗಿಸೋಕೆ ನಮ್ಮ ಹುಡುಗೀನೇ ಬೇಕಿತ್ತಾ? ನಿಮಗೆ ಅಕ್ಕ ತಂಗಿ ಇಲ್ವಾ?"

ಅವನು ನಿಜವಾಗಿಯೂ ಬೆಚ್ಚಿಬಿದ್ದ. "ಛೆ ಛೆ! ಅವರ ಬಗ್ಗೆ ಹಾಗೆಲ್ಲ ಬರೆಯೋಕಾಗುತ್ತಾ?" ಅಂದ.

ಮಸಿಕುಡಿಕೆ ಎತ್ತಿ ಅವನ ತಲೆಗೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ, ಅದೊಂದು ಕೊರಗು ಉಳಿದಿದೆ. ಕೆಳಗಿಳಿದು ಬರುವಾಗಲೇ ತೀರ್ಮಾನ ಮಾಡಿಬಿಟ್ಟೆ. ಬರೆಯುವವನು ಅವನಾದರೆ ಓದುವವಳು ನಾನಲ್ಲವೇ? ಅವನು ಏನನ್ನಾದರೂ ಅಚ್ಚು ಹಾಕಿಸಲಿ, ಆ ಕೋಣೆಯವರಿಗೆ ಕೇಳಿಸುವುದು ನನ್ನ ಬಾಯಿಂದ ಬಂದದ್ದು.

ಶನಿವಾರ ಯಜಮಾನಿ ತನ್ನ ಕುರ್ಚಿಯನ್ನೇ ತರಿಸಿ ಹಾಕಿಸಿಕೊಂಡು ಕೂತಳು, ತೀರ್ಪು ಕೊಡುವವಳ ಹಾಗೆ. ತಂಗಿ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ನಾನು ಪತ್ರಿಕೆ ಬಿಡಿಸಿದೆ. ಹುಡುಗಿ ಮುಸ್ಸಂಜೆಯಲ್ಲಿ ನದಿಯ ದಂಡೆಗೆ ಬರುವವರೆಗೆ ಅವನು ಬರೆದಂತೆಯೇ ಓದಿದೆ. ಅಲ್ಲಿಂದ ಮುಂದಿನದೆಲ್ಲ ನನ್ನದೇ. ಹಿಂದಿನಿಂದ ಓಡುತ್ತ ಬಂದ ಕವಿಯನ್ನು ಕೆಸರಿನಲ್ಲಿ ಮಂಡಿಯೂರಿಸಿದೆ. "ನೀನು ಅಪ್ಪಟ ಚಿನ್ನ, ಪಾಪಿ ನಾನು" ಅಂತ ಅವನ ಬಾಯಿಂದಲೇ ಹೇಳಿಸಿದೆ. ಅವಳನ್ನು ಕೈಹಿಡಿದು ಕರೆದೊಯ್ದು ಊರೆಲ್ಲರ ಎದುರು ಮದುವೆಯಾಗುವ ಹಾಗೆ ಮಾಡಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಅಳುಬುರುಕಿ ಎದ್ದು ಬಂದು ನನ್ನ ತಂಗಿಯ ತಲೆ ನೇವರಿಸಿದಳು.

"ಮದುವೆ ಆಯ್ತಲ್ಲ, ಸರಿ ಬಿಡು," ಅಂದಳು ಯಜಮಾನಿ. "ಮರ್ಯಾದಸ್ಥ ಹುಡುಗೀನೇ. ಇರಲಿ."

ಗೆದ್ದೆ ಅಂದುಕೊಂಡೆ. ಉಸಿರು ಬಿಟ್ಟು ಪತ್ರಿಕೆ ಮಡಚುತ್ತಿದ್ದೆ. ಅಷ್ಟರಲ್ಲಿ ತಂಗಿ ಎದ್ದು ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಇಲ್ಲಿ ಹಾಗಿಲ್ಲ," ಅಂದಳು.

"ಸುಮ್ನಿರೇ!" ಅಂತ ಅವಳ ತೋಳು ಹಿಡಿದೆ. ಕೊಡವಿಕೊಂಡಳು. ನಾಲ್ಕು ಜನರೆದುರು ದನಿಯೆತ್ತದ ಹುಡುಗಿ ಆ ಪುಟ ಹಿಡಿದು ಓದತೊಡಗಿದಳು. ನದಿಯ ತಣ್ಣನೆಯ ನೀರು, ಅವಳ ಒದ್ದೆಯಾದ ಕೂದಲು, ಕೊನೆಯುಸಿರಿನಲ್ಲೂ ಕವಿಗೆ ಒಳ್ಳೆಯದಾಗಲಿ ಅಂತ ಹಾರೈಕೆ, ಎಲ್ಲವನ್ನೂ ತಡವರಿಸದೆ ಓದಿದಳು. ಹುಡುಗಿ ಮುಳುಗಿದಳು ಅನ್ನುವಲ್ಲಿಗೆ ಬಂದು ನಿಲ್ಲಿಸಿದಳು. ಕೆಳಗೆ ಇನ್ನೂ ಅರ್ಧ ಅಂಕಣ ಉಳಿದಿತ್ತು.

"ಇದು ಅವನು ಬರೆದಿದ್ದು," ಅಂದಳು. "ಮೊದಲು ಕೇಳಿದ್ದು ನಮ್ಮಕ್ಕ ಕಟ್ಟಿದ್ದು. ನಾನು ಅವನಿಗೆ ಬೇಡ ಅಂದೆ. ಆಗಿದ್ದು ಅಷ್ಟೇ."

ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಅಂಥ ಸಿಟ್ಟನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಅವನು ನನ್ನನ್ನ ಸಾಯಿಸಿದ. ನೀನು ಅವನಿಗೇ ಕಟ್ಟಿಬಿಟ್ಟೆ. ಬೇಡ ಅಂದಿದ್ದು ನಿನಗೂ ಕೇಳಿಸಲಿಲ್ವಾ ಅಕ್ಕಾ?"

ಅವಳ ಕೆಲಸ ಉಳಿಸಲು ಅವಳನ್ನೇ ಕೊಟ್ಟುಬಿಟ್ಟಿದ್ದೆ. ಆ ಮಹಡಿಯವನಿಗೂ ನನಗೂ ಹೊಳೆದದ್ದು ಎರಡೇ ದಾರಿ, ಒಂದು ನದಿ, ಇನ್ನೊಂದು ಅವನು.

ತಂಗಿ ಯಜಮಾನಿಯ ಎದುರು ನಿಂತಳು. "ನಾನು ಹೊಲಿದಿದ್ದು ಅಲ್ಲೇ ಮೇಜಿನ ಮೇಲಿದೆ. ಹೊಲಿಗೆ ಸರಿಯಿಲ್ಲ ಅಂದ್ರೆ ಹೇಳಿ, ಹೋಗ್ತೀನಿ."

ಯಜಮಾನಿ ಮೇಜಿನ ಕಡೆ ನೋಡಲೇ ಇಲ್ಲ. "ಅಚ್ಚಾಗಿರೋದು ಈಗ ನೀನು ಓದಿದ್ದೇ ತಾನೆ?"

"ಹೌದು."

"ಸರಿ ಹಾಗಾದ್ರೆ. ಸೋಮವಾರದಿಂದ ಬರಬೇಡ."

ತಂಗಿ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಂಡಿದ್ದ ಅಂಗುಸ್ತಾನ ಕಳಚಿ ಮೇಜಿನ ಮೇಲಿಟ್ಟಳು. ಪತ್ರಿಕೆಯನ್ನು ನನ್ನ ಮಡಿಲಿಗೆ ಹಾಕಿ ಬಾಗಿಲ ಕಡೆ ನಡೆದಳು. ಕೋಣೆಯಲ್ಲಿ ಬಿಕ್ಕಳಿಕೆ ಶುರುವಾಯಿತು. ಒಬ್ಬಳು, ಇನ್ನೊಬ್ಬಳು, ಇಡೀ ಮೇಜು. ಅಬ್ಬಾ, ಕೊನೆಗೂ ಇವರಿಗೆ ಕರುಳು ಅನ್ನುವುದೊಂದು ಇದೆಯಲ್ಲ ಅಂದುಕೊಂಡೆ.

"ಅಯ್ಯೋ, ಮುಳುಗಿಬಿಟ್ಟಳಲ್ಲೇ!" ಅಂತ ಅಳುಬುರುಕಿ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಹೆಣ ಆದ್ರೂ ಸಿಕ್ತಾ? ಇನ್ನೂ ಸ್ವಲ್ಪ ಇದೆಯಲ್ಲ, ಓದೇ ತಾಯಿ, ಓದು."

"ಹೆಣ ಬೇಕಾ ನಿಮಗೆ?" ಎಂದು ಕಿರುಚಿದೆ. "ನೋಡಿ, ಅಲ್ಲಿ ಬಾಗಿಲ ಹತ್ರ ನಿಂತು ಚಪ್ಪಲಿ ಹಾಕ್ಕೊಳ್ತಿದೆ!"

ಒಬ್ಬರೂ ಆ ಕಡೆ ತಿರುಗಲಿಲ್ಲ. ಎಲ್ಲರ ಕಣ್ಣೂ ನನ್ನ ಮಡಿಲಿನ ಮೇಲಿದ್ದವು. ಪತ್ರಿಕೆಯನ್ನು ಮುದ್ದೆ ಮಾಡಿ ಅಂಟಿನ ಬಕೆಟ್ಟಿಗೆ ತುರುಕಿ, ತಂಗಿಯ ಹಿಂದೆ ಓಡಿದೆ.

ನಾವು ಕಾರ್ಖಾನೆಯ ಮೆಟ್ಟಿಲು ಇಳಿಯುತ್ತಿದ್ದಾಗ ಮೇಲೆ ದಡಬಡನೆ ಕುರ್ಚಿಗಳು ಸರಿದ ಸದ್ದಾಯಿತು. ವಾಪಸ್ಸು ಕರೆಯಲು ಬರುತ್ತಿದ್ದಾರೆ ಅಂದುಕೊಂಡು ನಿಂತೆ. "ಮೆಲ್ಲಗೆ, ಮೆಲ್ಲಗೆ, ಹರಿದೀತು," ಅಂತ ಯಾರೋ ಅಂದರು. ಬಕೆಟ್ಟಿನಿಂದ ಪತ್ರಿಕೆ ಎತ್ತುತ್ತಿದ್ದರು.