ಅಕ್ಕನ ಕೈಯ ಮಾತ್ರೆ

ತಮ್ಮನ ಮಾತ್ರೆಗಳ ವಿಷಯದಲ್ಲಿ ಅಕ್ಕ ಯಾರನ್ನೂ ನಂಬುತ್ತಿರಲಿಲ್ಲ. ಹೃದಯದ ಕವಾಟ ಬದಲಾಯಿಸಿಕೊಂಡು ಅವನು ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ, ತನ್ನ ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ, ಅವನ ಊಟ, ನಿದ್ದೆ, ಗುಳಿಗೆ ಎಲ್ಲವನ್ನೂ ಮೈಮೇಲೆ ಹಾಕಿಕೊಂಡಿದ್ದಳು. ತಮ್ಮ ಬಡಗಿ. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಇದ್ದ. ಆ ಮನೆಯಲ್ಲಿ ಅವಳ ಮಾತಿಗೆ ಎರಡನೇ ಮಾತಿರಲಿಲ್ಲ.

ಇವತ್ತು ಇಬ್ಬರೂ ಆಸ್ಪತ್ರೆಯ ಹೊರರೋಗಿ ವಿಭಾಗದ ಕೊನೆಯ ಕೋಣೆಗೆ ಬಂದಿದ್ದರು. ಡಿಸ್ಚಾರ್ಜ್ ಆಗಿ ಹೋದವರ ಔಷಧಿಗಳನ್ನು ಫಾರ್ಮಸಿಸ್ಟೇ ಕೂತು ಪರಿಶೀಲಿಸುವ ಕ್ಲಿನಿಕ್ಕು ಅದು. ಡಾಕ್ಟರಲ್ಲ ಎಂದು ಗೊತ್ತಾದಾಗ ಅಕ್ಕ ಮೂಗು ಮುರಿದಿದ್ದಳು.

ಫಾರ್ಮಸಿಸ್ಟ್ ಹೆಂಗಸು ತಮ್ಮನ ಬೆರಳ ತುದಿಗೆ ಚುಚ್ಚಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪುಟ್ಟ ಯಂತ್ರಕ್ಕೆ ಹನಿಯನ್ನು ಕೊಟ್ಟಳು. ಯಂತ್ರ ಅಂಕಿ ತೋರಿಸಲಿಲ್ಲ. ಅಳತೆ ಮೀರಿದೆ ಎಂದಿತು. ಇನ್ನೊಂದು ಬೆರಳಿಗೆ ಚುಚ್ಚಿದಳು. ಮತ್ತೆ ಅದೇ. ಮೊದಲ ಬೆರಳಿನ ಹತ್ತಿ ಇನ್ನೂ ಕೆಂಪಾಗುತ್ತಲೇ ಇತ್ತು.

"ಯಜಮಾನ್ರೇ, ಈಚೆಗೆ ಎಲ್ಲಾದ್ರೂ ಬಿದ್ರಾ? ಪೆಟ್ಟು ಗಿಟ್ಟು?"

"ನಿನ್ನೆ ಕಪಾಟಿನ ಬಾಗಿಲಿಗೆ ತಲೆ ತಾಗ್ತು. ನಾನೇ ಮಾಡಿದ ಕಪಾಟು. ಮಾಡಿದೋನಿಗೇ ಬಾರಿಸ್ತು ನೋಡಿ," ಎಂದು ತಮ್ಮ ನಕ್ಕ.

ಫಾರ್ಮಸಿಸ್ಟ್ ನಗಲಿಲ್ಲ. "ತಲೆನೋವಿದ್ಯಾ?"

"ಬೆಳಿಗ್ಗೆಯಿಂದ ಸ್ವಲ್ಪ."

ಅವಳು ಅಕ್ಕನ ಕಡೆ ತಿರುಗಿದಳು. "ಅಮ್ಮಾ, ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ಮಾತ್ರೆ ನಾವು ಬರೆದುಕೊಟ್ಟಿದ್ದೊಂದೇನಾ? ಆಪರೇಷನ್‌ಗೆ ಮುಂಚಿನದು ಏನಾದ್ರೂ ಕೊಡ್ತಿದ್ದೀರಾ?"

ಅಕ್ಕ ಕೈಚೀಲವನ್ನು ಎದೆಗವಚಿಕೊಂಡಳು. ಮನೆ ಹತ್ತಿರದ ಡಾಕ್ಟರು ಹಿಂದೆ ಕೊಟ್ಟಿದ್ದ ಮಾತ್ರೆ ಅದರಲ್ಲೇ ಇತ್ತು. ಹೆಸರು ಬೇರೆ, ಬಣ್ಣ ಬೇರೆ. ಆಸ್ಪತ್ರೆಯವರು ಬರೆಯಲು ಮರೆತಿರಬೇಕೆಂದು ಹೊಸದರ ಜೊತೆ ಅದನ್ನೂ ದಿನಾ ನುಂಗಿಸಿದ್ದಳು. ಈಗ ಇಲ್ಲ ಅಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ತಮ್ಮ ಕಣ್ಣು ಮುಚ್ಚಿ ಹಣೆ ಒತ್ತಿಕೊಳ್ಳುತ್ತಿದ್ದ.

ಮಾತ್ರೆಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದನ್ನೂ ಕೊಟ್ಟೆ."

"ಎರಡೂ ಒಂದೇ ಔಷಧಿ ಅಮ್ಮಾ. ಕಂಪನಿ ಮಾತ್ರ ಬೇರೆ," ಎನ್ನುತ್ತಲೇ ಫಾರ್ಮಸಿಸ್ಟ್ ಫೋನ್ ಎತ್ತಿಕೊಂಡಳು. "ಎಮರ್ಜೆನ್ಸಿಯಾ? ತಲೆಗೆ ಪೆಟ್ಟು ಬಿದ್ದಿದೆ, ರಕ್ತ ವಿಪರೀತ ತೆಳುವಾಗಿದೆ. ಸ್ಕ್ಯಾನ್ ಈಗಲೇ ಆಗಬೇಕು."

ತಮ್ಮ ಎದ್ದೇಬಿಟ್ಟ. "ಮತ್ತೆ ಆ ವಾರ್ಡಿಗೆ ನಾನು ಬರಲ್ಲ. ಮನೇಲಿ ಮಲಗಿದ್ರೆ ಸರಿಹೋಗತ್ತೆ." ಬಾಗಿಲ ಹತ್ತಿರ ಜೋಲಿ ಹೊಡೆದು ಗೋಡೆ ಹಿಡಿದ.

ಅಕ್ಕ ಗದರಲಿಲ್ಲ. "ನಿನ್ನ ಕಾಲಿಗೆ ಬೀಳ್ತೀನಿ ಕಣೋ, ಕೂತ್ಕೋ."

ಅವಳ ಬಾಯಲ್ಲಿ ಅಂಥ ಮಾತನ್ನು ಹುಟ್ಟಿದಾಗಿನಿಂದ ಕೇಳದವನು, ಹೆದರಿ, ಅಟೆಂಡರ್ ತಂದ ಗಾಲಿಕುರ್ಚಿಯಲ್ಲಿ ಕೂತ.

ಸ್ಕ್ಯಾನ್ ಮಾಡಿ ನೋಡಿದರೆ ತಲೆಬುರುಡೆಯೊಳಗೆ ಸ್ವಲ್ಪ ರಕ್ತ ಸೋರಿತ್ತು. ಅದನ್ನು ತಡೆಯಲು ಔಷಧಿ ಏರಿಸಿದರು. ಇನ್ನೊಂದು ಸ್ಕ್ಯಾನ್ ಆಗುವವರೆಗೆ ಏನೂ ಹೇಳಲಾಗದು ಎಂದರು. ಅಕ್ಕ ಕಾರಿಡಾರಿನ ಬೆಂಚಿನಲ್ಲಿ ಕೂತಳು. ತನ್ನ ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಫಾರ್ಮಸಿಸ್ಟ್ ಬಂದು ಪಕ್ಕದಲ್ಲಿ ಕೂತಳು.

"ನನ್ನ ಕೈಯಾರೆ ಕೊಂದುಬಿಡ್ತಿದ್ದೆ," ಎಂದಳು ಅಕ್ಕ.

"ಹಳೇದನ್ನ ನಿಲ್ಲಿಸಿ ಅಂತ ಮನೆಗೆ ಕಳಿಸುವಾಗ ನಾವು ಹೇಳಬೇಕಿತ್ತು, ಹೇಳಲಿಲ್ಲ. ನೀವು ಇವತ್ತು ಹೇಳಿದ್ರಿ."

ಸಂಜೆ ಎರಡನೇ ಸ್ಕ್ಯಾನಿನ ವರದಿ ಬಂತು. ಸೋರಿದ ರಕ್ತ ಹೆಚ್ಚಾಗಿರಲಿಲ್ಲ. ಆಪರೇಷನ್ ಬೇಡ ಎಂದರು.

ಅಕ್ಕ ಮಂಚದ ಪಕ್ಕ ನಿಂತಾಗ ತಮ್ಮ ಕಣ್ಣು ಬಿಟ್ಟ. ಅವಳು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವುದರೊಳಗೆ ಅವನೇ ಹೇಳಿದ: "ಎರಡೆರಡು ಯಾಕೆ ಅಂತ ನಂಗೂ ಅನ್ನಿಸಿತ್ತು ಅಕ್ಕಾ. ಕೇಳಿದ್ರೆ ಬೈತೀಯ ಅಂತ ಸುಮ್ನಾದೆ."

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು.

"ಬೈತೀನಿ. ಆದ್ರೂ ಕೇಳು," ಎಂದಳು.