ಇಲಾರಿಯಾಳ ಗಂಟಲು

ಬೂದಿನೀರಿನಲ್ಲಿ ಬೆಂದ ಮೆಕ್ಕೆಜೋಳವನ್ನು ಸೊಯ್ಲಾ ಸಿಪ್ಪೆ ಹೋಗುವಂತೆ ಎರಡೂ ಅಂಗೈಯಲ್ಲಿ ತಿಕ್ಕುತ್ತಿದ್ದಳು. ಮಣ್ಣಿಗೆ ಬಂದವರಿಗೆಲ್ಲ ಊಟವಾಗಬೇಕು. ಒಳಗೆ ಅವಳ ತಾಯಿ ಇಲಾರಿಯಾ ಶವಪೆಟ್ಟಿಗೆಯಲ್ಲಿ ಅಂಗಾತ ಮಲಗಿದ್ದಳು. ಮೂರು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದವಳು. ಮಲಗಿದರೆ ಕತ್ತಿನಲ್ಲಿ ಬೆಳೆದ ಗಳಗಂಡ ಉಸಿರು ಕಟ್ಟಿಸುತ್ತಿತ್ತು.

"ನೋಡ್ರೇ, ಎಷ್ಟು ಆರಾಮಾಗಿ ಮಲಗವಳೆ," ಎಂದಳು ಸೋದರತ್ತೆ ಪೆತ್ರೊನ.

"ಮಲಗದೆ ಏನು? ಕಟ್ಟೋಕೆ ಉಸಿರೇ ಇಲ್ವಲ್ಲ," ಎಂದು ನೆರೆಯವಳು ನಕ್ಕಳು.

ಪೆತ್ರೊನ ಒದ್ದೆ ಕೈಯಲ್ಲೇ ಸೊಯ್ಲಾಳ ಗದ್ದ ಎತ್ತಿ ಕತ್ತು ಮುಟ್ಟಿ ನೋಡಿದಳು. ಕೋಳಿಮೊಟ್ಟೆಯಷ್ಟು ಗಂಟು.

"ಬರ್ತಾ ಇದೆ ಕಣೇ! ನಿಮ್ಮಮ್ಮನಿಗೂ ಹತ್ತೊಂಬತ್ತಕ್ಕೇ ಶುರುವಾಗಿದ್ದು. ಇವತ್ತು ನೀನೇ ಅಳಬೇಕು."

"ಅತ್ತೆ, ನಂಗೆ ನುಂಗೋಕೇ ಆಗ್ತಿಲ್ಲ."

"ನುಂಗು ಅಂದೋರ್ಯಾರು? ಅಳು ಅಂದೆ."

* * *

ಪುಕಾಲೋಮ ಎಂಬ ಆ ಊರಿನಲ್ಲಿ ಅಳುವವಳು ಹಾಡಿ ಅಳದೆ ಹೆಣ ರಸ್ತೆ ದಾಟುವುದಿಲ್ಲ. ಇಷ್ಟು ವರ್ಷ ಆ ಅಳುವವಳು ಇಲಾರಿಯಾಳೇ. ಗಂಟು ಬೆಳೆದಂತೆಲ್ಲ ಅವಳ ದನಿ ಒಡೆದು ಗೊಗ್ಗರಾಯಿತು. ಸತ್ತವರಿಗೆ ಕೇಳಿಸುವುದು ಅಂಥ ದನಿಯೇ ಎಂದರು ಜನ. ಬೆಟ್ಟದಾಚೆಯಿಂದಲೂ ಕರೆ ಬಂತು.

ರಾಜಧಾನಿ ಕಿಟೋದ ಡಾಕ್ಟರು ಅವಳ ಎರಡೂ ಕೈ ಮೇಲೆತ್ತಿಸಿದರು. ಮುಖ ಕೆಂಪೇರಿ ಉಸಿರು ಸಿಕ್ಕಿಕೊಂಡಿತು.

"ಗಂಟಿದೆ ಅಂತ ಎಲ್ರಿಗೂ ಕೊಯ್ಯಲ್ಲಮ್ಮ. ಇದು ಉಸಿರಿನ ಕೊಳವೆ ಒತ್ತುತ್ತಾ ಇದೆ, ತೆಗೀಲೇಬೇಕು. ಮನೆಯವರ ಸಹಿ ಹಾಕ್ಸಿ ಈ ಕಾಗದ ಕಳ್ಸಿ. ಕರೆಸ್ಕೋತೀವಿ."

ಗಂಡ ಸೆಗುಂದೊ ಸಹಿ ಹಾಕಿದ. ಅಷ್ಟರಲ್ಲಿ ಊರವರು ಬಂದರು. ಅವರಲ್ಲೊಬ್ಬ ಅಂದ: "ಕೊಯ್ದರೆ ದನಿ ಹೋಗುತ್ತಂತೆ. ನಮ್ಮಪ್ಪ ಇವತ್ತೋ ನಾಳೆಯೋ ಅಂತಿದಾನೆ. ಅವನನ್ನ ಕಳಿಸಿಕೊಡಲಿ, ಆಮೇಲೆ ಕೊಯ್ಸು." ಸೆಗುಂದೊ ಕಾಗದವನ್ನು ಟ್ರಂಕಿನ ತಳಕ್ಕೆ ಹಾಕಿದ.

* * *

ಹೆಣ ಹೊತ್ತವರು ರಸ್ತೆಯಂಚಿಗೆ ಬಂದು ನಿಂತರು. ಇವತ್ತೋ ನಾಳೆಯೋ ಎನ್ನುತ್ತಿದ್ದ ಆ ಮುದುಕ ಎಲ್ಲರಿಗಿಂತ ಮುಂದೆ ನಿಂತು ಜೋಳ ಅಗಿಯುತ್ತಿದ್ದ.

"ಶುರು ಮಾಡೇ ಹುಡುಗಿ, ಹೆಗಲು ನೋಯ್ತಿದೆ!"

ಸೊಯ್ಲಾ ಮಡಿಲಿನಿಂದ ಕಾಗದ ತೆಗೆದಳು. ತಾಯಿಗೆ ಹೊದಿಸುವ ಶಾಲು ಹುಡುಕುವಾಗ ಬೆಳಿಗ್ಗೆ ಟ್ರಂಕಿನ ತಳದಲ್ಲಿ ಸಿಕ್ಕಿದ್ದು. ಇಲಾರಿಯಾ ಎಂಬುದನ್ನು ಹೊಡೆದು ತನ್ನ ಹೆಸರು ಬರೆದಿದ್ದಳು.

ಸೆಗುಂದೊ ಬಗ್ಗಿ ನೋಡಿದ. "ನಾನು ಸಹಿ ಹಾಕಿದ್ದು ಅವಳಿಗೆ."

"ಸಹಿಗೆ ಅದೆಲ್ಲ ಗೊತ್ತಾ ಅಪ್ಪ?"

ಕಿಟೋ ಬಸ್ಸು ಹೆಣ ಕಂಡು ನಿಧಾನಿಸಿತು. ಸೊಯ್ಲಾ ಅಡ್ಡ ನಿಂತು ನಿಲ್ಲಿಸಿದಳು. ಡ್ರೈವರು ಟೋಪಿ ತೆಗೆದ.

"ಆಸ್ಪತ್ರೆಗೆ ಕೊಡಣ್ಣ."

"ಅಮ್ಮಂದಾ?"

"ನಂದು."

ಅವನು ಕಾಗದವನ್ನು ಟೋಪಿಯೊಳಗಿಟ್ಟುಕೊಂಡು ತಲೆಗೆ ಹಾಕಿಕೊಂಡ.

"ಲೇ, ಅಳೇ! ನಿನ್ನ ಹೆತ್ತವಳು ನಡುದಾರೀಲಿ ನಿಂತವಳೆ!" ಎಂದು ಪೆತ್ರೊನ ಅರಚಿದಳು. ಸೊಯ್ಲಾ ತುಟಿ ಬಿಗಿಹಿಡಿದಳು. ಹೊತ್ತವರು ಬೈಯುತ್ತ ಪೆಟ್ಟಿಗೆಯನ್ನು ನೆಲಕ್ಕಿಳಿಸಿದರು. ಬಸ್ಸು ಹೊರಟಿತು, ಅದೆಬ್ಬಿಸಿದ ದೂಳು ಪೆಟ್ಟಿಗೆಯ ಮೇಲೆ, ಅಳು ಕೇಳಲು ಕಾದು ತೆರೆದಿದ್ದ ಬಾಯಿಗಳ ಮೇಲೆ ನಿಧಾನವಾಗಿ ಕೂತಿತು.