ಅಂಟಿಸಿದ ಬಾವುಟ

ನಮ್ಮ ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಎರಡು ಯಂತ್ರಗಳು ಬಂದಿದ್ದವು, ಎರಡೂ ದಾನ. ಒಂದನ್ನು ಬೆಟ್ಟದಾಚೆಯ ದೊಡ್ಡ ದೇಶ ಕೊಟ್ಟಿತ್ತು, ಇನ್ನೊಂದನ್ನು ಕಡಲಾಚೆಯ ದೊಡ್ಡ ದೇಶ. ಇಬ್ಬರಿಗೂ ಬೇಕಾಗಿದ್ದದ್ದು ನಮ್ಮ ಬಂದರು. ನಮ್ಮ ಕಿಡ್ನಿಗಳ ಮೇಲೆ ಯಾರಿಗೂ ಅಂಥ ಪ್ರೀತಿ ಇರಲಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದಂತೆ. ನಾವೂ ಎಣಿಸಲಿಲ್ಲ.

ಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ನನ್ನ ಅಣ್ಣ. ವಾರಕ್ಕೆರಡು ಸಲ ಅಲ್ಲಿ ಮಲಗಿ ರಕ್ತ ತೊಳೆಸಿಕೊಳ್ಳುವವಳು ನಾನು. ಬೆಟ್ಟದವರ ಯಂತ್ರ ವರ್ಷ ತುಂಬುವ ಮೊದಲೇ ಕೈಕೊಟ್ಟಿತು. ಅಣ್ಣ ಅದನ್ನು ಉಗ್ರಾಣಕ್ಕೆ ತಳ್ಳಿ ಬಟ್ಟೆ ಹೊದಿಸಿದ. ಆಮೇಲೆ ಊರಿನ ರೋಗಿಗಳೆಲ್ಲ ಕಡಲಿನವರ ಒಂದೇ ಯಂತ್ರಕ್ಕೆ ಜೋತುಬಿದ್ದೆವು. ಅದಕ್ಕೆ ಹಾಕುವ, ರಕ್ತ ಸೋಸುವ ಫಿಲ್ಟರ್ ಕಳಿಸುತ್ತಿದ್ದವರು ಮಾತ್ರ ಬೆಟ್ಟದವರೇ.

ಒಂದು ದಿನ ಬೆಟ್ಟದವರ ನಿಯೋಗ ಬರುತ್ತದೆಂದು ಸುದ್ದಿ ಬಂತು. ತಮ್ಮ ಯಂತ್ರ ಮೂಲೆ ಸೇರಿದೆ ಅಂತ ತಿಳಿದರೆ ಫಿಲ್ಟರ್ ನಿಲ್ಲಿಸಿಬಿಡುತ್ತಾರೆ ಎಂದು ಅಣ್ಣ ಹೆದರಿದ. ಎರಡೂ ಯಂತ್ರಗಳು ಯಾವುದೋ ಮೂರನೇ ದೇಶದ ಒಂದೇ ಕಾರ್ಖಾನೆಯವು, ಥೇಟ್ ಅವಳಿ ಮಕ್ಕಳು. ಅವನು ಕಡಲಿನವರ ಬಾವುಟದ ಸ್ಟಿಕರನ್ನು ಬಿಸಿನೀರಲ್ಲಿ ನೆನೆಸಿ ಕಿತ್ತ. ಸತ್ತ ಯಂತ್ರದ ಬಾವುಟವನ್ನೂ ನಂಬರಿನ ತಗಡನ್ನೂ ತಂದು ಓಡುವ ಯಂತ್ರಕ್ಕೆ ಹಚ್ಚಿದ.

"ಹೆಣ್ಣು ನೋಡೋಕೆ ಬರ್ತಾರೆ ಅನ್ನೋ ಹಾಗೆ ಸಿಂಗಾರ ಮಾಡಿದ್ದೀಯಲ್ಲಣ್ಣ," ಅಂದೆ.

"ಬಾಯ್ಮುಚ್ಕೊಂಡು ಮಲ್ಕೋ. ಕ್ಯಾಮೆರಾ ಬಂದಾಗ ಸ್ವಲ್ಪ ನಗು."

ನಕ್ಕೆ. ಕೇಳಿದವರಿಗೆ "ಇವರಿಂದಾನೇ ಬದುಕಿದೀನಿ" ಅಂತಲೂ ಹೇಳಿದೆ. ಬಾವುಟದ ಪಕ್ಕ ಹಲ್ಲು ಕಿರಿದ ನನ್ನ ಫೋಟೋ ಪತ್ರಿಕೆಯಲ್ಲಿ ಬಂತು.

ಆರು ತಿಂಗಳಿಗೆ ನಮ್ಮ ಸರ್ಕಾರ ಬಂದರನ್ನು ಕಡಲಿನವರಿಗೆ ಕೊಟ್ಟಿತು. ಬೆಟ್ಟದವರು ಗಡಿ ಮುಚ್ಚಿದರು, ಕೊಟ್ಟದ್ದನ್ನೆಲ್ಲ ವಾಪಸ್ ಕೇಳಿದರು. ತಗಡಿನ ಪ್ರಕಾರ ಓಡುವ ಯಂತ್ರವೇ ಅವರದ್ದು; ಅದು ಓಡುವ ಫೋಟೋ ಪತ್ರಿಕೆಯಲ್ಲೇ ಬಂದಿದ್ದರಿಂದ ತಗಡು ಮತ್ತೆ ಬದಲಿಸಿ ಸತ್ತದ್ದನ್ನು ಕೊಡುವಂತೆಯೂ ಇರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಇಲ್ಲಿ ಅವರು ಗಂಡ ಹೆಂಡತಿಯೂ ಅಲ್ಲ, ನಾವು ಅವರ ಕೂಸೂ ಅಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅಣ್ಣ ನನ್ನನ್ನು ಕರೆದುಕೊಂಡು ಕಡಲಿನವರ ಕಚೇರಿಗೆ ಓಡಿದ. "ಸಾರ್, ಅದು ನಿಮ್ಮ ಯಂತ್ರ. ತಡೀರಿ ಸಾರ್," ಅಂದು, ನಡೆದದ್ದನ್ನೆಲ್ಲ ಹೇಳಿದ.

ಅಧಿಕಾರಿ ಫೋನಿನಲ್ಲಿ ನನ್ನ ಫೋಟೋ ಹುಡುಕಿ ನಮ್ಮ ಮುಂದೆ ಹಿಡಿದ. "ನಮ್ಮ ಬಾವುಟ ಕಿತ್ತು ಅವರದ್ದು ಹಾಕಿದ್ರಿ. ಇದನ್ನ ಮೇಲಕ್ಕೆ ತಿಳಿಸಿದ್ರೆ ನಿಮಗೆ ಬರೋ ಹೊಸ ಯಂತ್ರಗಳೂ ನಿಂತುಹೋಗುತ್ತೆ. ನೀವು ಹೇಳಿಲ್ಲ, ನಾನು ಕೇಳಿಲ್ಲ. ಹೋಗಿಬನ್ನಿ."

"ಹೊಸವು ಯಾವಾಗ ಬರುತ್ತೆ ಸಾರ್?" ಅಂತ ನಾನು ಕೇಳಿದೆ.

"ಬಂದರಿನ ಉದ್ಘಾಟನೆ ಹೊತ್ತಿಗೆ. ಬರೋ ವರ್ಷ."

ನನ್ನ ಮುಖ ನೋಡದೆ ಹೇಳಿದ.

ಯಂತ್ರ ಒಯ್ಯಲು ಲಾರಿ ಬಂದಾಗ ನಾನು ಅದಕ್ಕೇ ತೋಳು ಕೊಟ್ಟು ಮಲಗಿದ್ದೆ. ಬೆಟ್ಟದವರ ಇಂಜಿನಿಯರ್ ತಲೆ ನರೆತ ಮನುಷ್ಯ. ಬಾಗಿಲಲ್ಲೇ ನಿಂತು, "ಅಮ್ಮನವರದ್ದು ಮುಗೀಲಿ, ಕಾಯ್ತೀವಿ," ಅಂದ. ಅವನನ್ನು ಬೈಯೋಣವೆಂದರೆ ಅದಕ್ಕೂ ಅವಕಾಶ ಕೊಡಲಿಲ್ಲ. ಅಣ್ಣ ಆ ಗುಂಡಿ ಒತ್ತಿದ, ಈ ಪೈಪು ಮುಟ್ಟಿದ, ಎಷ್ಟು ಎಳೆಯಲು ಸಾಧ್ಯವೋ ಅಷ್ಟೂ ಎಳೆದ. ಕೊನೆಗೆ ಸೂಜಿ ತೆಗೆದು ನನ್ನ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದ.

"ನಾನೇ ಅಂಟಿಸಿದ್ದು ಕಣೇ," ಅಂದ.

"ನಾನೇ ನಕ್ಕಿದ್ದು," ಅಂದೆ.

ಯಂತ್ರ ಬಾಗಿಲು ದಾಟಿತು. ಗೋಡೆಯ ನಲ್ಲಿಯಿಂದ ನೀರಿನ ಪೈಪು ನೇತಾಡುತ್ತಿತ್ತು. ಅಣ್ಣ ಎಂದಿನ ರೂಢಿಯಲ್ಲೇ ನನ್ನ ಮುಂದಿನ ಸರದಿ ಯಾವತ್ತು ಅಂತ ಹೇಳಲು ಬಾಯಿ ತೆರೆದ, ಹಾಗೇ ಮುಚ್ಚಿಕೊಂಡ.